ತವುಡಿಗೆ ಕೊಂಡ ಮಗಳು

ಅವತ್ತು ನಮ್ಮ ಮನೆಯ ಹೊಸಿಲಿನ ಆಚೆ ಮೂವರು, ಈಚೆ ಮೂವರು. ಆಚೆ ಎದುರು ಮನೆಯ ಬಾಣಂತಿ, ಅವಳ ಗಂಡ, ಸೂಲಗಿತ್ತಿ ಮುದುಕಿ. ಈಚೆ ನಮ್ಮತ್ತೆ, ನಮ್ಮ ಯಜಮಾನರು, ನಾನು. ಹೊಸಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಇಟ್ಟ ಮೊರದಲ್ಲಿ ಹೊಕ್ಕಳು ಒಣಗದ ಒಂದು ಹೆಣ್ಣುಕೂಸು. ಶ್ರಾವಣದ ಸೋನೆ ಹಿಡಿದಿತ್ತು. ದೂರದಲ್ಲೆಲ್ಲೋ ಯುದ್ಧ ನಡೀತಿದ್ದ ಕಾಲ. ಊರು ದೇವನಹಳ್ಳಿಗೂ ನಲ್ಲೂರಿಗೂ ನಡುವೆ. ಹೆಸರು ಬೇಡ, ಹೇಳಿದರೆ ಇವತ್ತಿಗೂ ಅಲ್ಲಿ ನನ್ನ ಮೇಲೆ ಹಲ್ಲು ಕಡಿಯೋರಿದ್ದಾರೆ. ಕಡೀಲಿ.

ಎದುರು ಮನೆಯವಳಿಗೆ ಅದಕ್ಕೆ ಮುಂಚೆ ಹುಟ್ಟಿದವೆಲ್ಲ ಮಣ್ಣಾಗಿದ್ದವು. ಒಂದು ಹಾಲು ಕುಡಿಯೋ ದಿನಗಳಲ್ಲೇ, ಇನ್ನೊಂದು ಅಂಬೆಗಾಲಿಡೋ ಹೊತ್ತಿಗೆ. ಅಂಥ ಮನೇಲಿ ಹುಟ್ಟಿದ ಕೂಸನ್ನ ನಮ್ಮ ಕಡೆ ಒಂದು ಗಳಿಗೆ ತಿಪ್ಪೆ ಮೇಲೆ ಮಲಗಿಸಿ, ಮೊರಕ್ಕೆ ಹಾಕಿ, ಬೇರೆ ಮನೆಯವರಿಗೆ ತವುಡಿಗೆ ಮಾರಿಬಿಡುತ್ತಿದ್ದರು. ಮಾರಿದ ಮೇಲೆ ಅದು ಹೆತ್ತವರದಲ್ಲ. ಹೆತ್ತವಳು ಅದನ್ನ ಕೊಂಡವರ ಪರವಾಗಿ ಸಾಕೋ ದಾದಿ ಅಷ್ಟೆ. ಯಮ ಹುಡುಕಿಕೊಂಡು ಬಂದರೂ ಆ ಮನೇಲಿ ಅವರ ಮಗು ಅಂತ ಯಾವುದೂ ಸಿಗೋದಿಲ್ಲ. ಮಗು ಬದುಕಿ ಹಾಲುಹಲ್ಲು ಬೀಳೋ ವಯಸ್ಸಾದರೆ, ಮಾರಿದ ತಾಯಿ ಮತ್ತೆ ತವುಡು ತಂದುಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲೀತನಕ ಶಾಸ್ತ್ರದ ಲೆಕ್ಕದಲ್ಲಿ ಕೊಂಡವರೇ ತಂದೆ ತಾಯಿ.

ಕೊಳ್ಳೋಕೆ ನಮ್ಮ ಮನೇನೇ ಯಾಕೆ ಅನ್ನೋದನ್ನ ಸೂಲಗಿತ್ತಿ ಮುದುಕಿ ನನ್ನ ಎದುರಿಗೇ ಬಿಡಿಸಿ ಹೇಳಿದಳು: "ಮಕ್ಕಳೊಂದಿಗರ ಮನೆಗೆ ಮಾರಿದ್ರೆ ಯಮ ಅಲ್ಲೂ ತಲೆ ಎಣಿಸಿ ನೋಡ್ತಾನೆ ಕಣವ್ವ. ಬಂಜೆ ಮನೇಲಿ ಕೂಸು ಹುಡುಕೋಕೆ ಅವನಿಗೇನು ಹುಚ್ಚಾ?"

ನಮ್ಮತ್ತೆ ಹೌದೌದು ಅಂತ ತಲೆ ಆಡಿಸಿದರು. ಮದುವೆಯಾಗಿ ಬಂದ ಮೇಲೆ ಆ ಬೀದೀಲಿ ಎಷ್ಟು ಬಸುರಿಯರಿಗೆ ಮಡಿಲು ತುಂಬಿದರೋ, ಒಂದಕ್ಕೂ ನನ್ನನ್ನ ಮುಂದಕ್ಕೆ ಕರೆದವರಿಲ್ಲ. ತೊಟ್ಟಿಲಿಗೆ ಹಾಕೋ ದಿನ ನಾನು ಅಡುಗೆ ಮನೇಲಿ ಕಜ್ಜಾಯ ಕರೀತಿದ್ದೆ. ಅಂಥವಳನ್ನ ಅವತ್ತು ಹೊಸಿಲಿನ ತನಕ ಕರೆದಿದ್ದರು. ಕರೆದ ಕಾರಣ ಏನಾದರೂ ಆಗಲಿ, ನಾನು ಹೋಗಿ ನಿಂತೆ. ಗಂಡ ಹೆಂಡತಿ ಇಬ್ಬರೂ ಹಿಡೀಬೇಕು ಅಂದಳು ಮುದುಕಿ. ಇಬ್ಬರೂ ತವುಡಿನ ಮೊರ ಹಿಡಿದು ಎದುರು ಮನೆಯವಳ ಸೆರಗಿಗೆ ಸುರಿದೆವು. ಕೂಸಿನ ಮೊರ ಒಳಕ್ಕೆ ಎಳೆದುಕೊಂಡೆವು.

"ಮಾರಿದೆ ಕಣಕ್ಕಾ," ಅಂದಳು ಅವಳು, ಅಳುತ್ತಾ ನಗುತ್ತಾ.

"ಕೊಂಡೆ ಕಣಮ್ಮಾ," ಅಂದೆ.

ನಮ್ಮ ಯಜಮಾನರು ಹುಣಸೆಹಣ್ಣಿನ ವ್ಯಾಪಾರದವರು. "ಚೌಕಾಸಿ ಇಲ್ದೆ ನಾನು ವ್ಯಾಪಾರ ಮುಗಿಸಿದ್ದು ಇದೇ ಮೊದಲು," ಅಂದರು. ಎಲ್ಲರೂ ನಕ್ಕರು. ಎಲೆ ಅಡಿಕೆ ಹಾಕಿಕೊಂಡು ಉಗಿಯುವಷ್ಟು ಹೊತ್ತು ಕೂಸು ನನ್ನ ಮಡಿಲಲ್ಲಿತ್ತು. ಆಮೇಲೆ ದಾದಿ ಹತ್ತಿರ ಹೋಯಿತು.

ಯಮನನ್ನ ಏಮಾರಿಸಿದೆವು ಅಂದುಕೊಂಡಿದ್ದೆವು. ಅವನು ಕೂಸನ್ನ ಬಿಟ್ಟ, ದೊಡ್ಡವರನ್ನ ತಗೊಂಡ. ಅದರ ಅಪ್ಪ ಯುದ್ಧಕ್ಕೆ ಪಟಾಲಂ ಸೇರಿ ಹೋದವನು ಬರ್ಮಾ ಕಡೆ ತೀರಿಕೊಂಡನಂತೆ, ಸುದ್ದಿ ಬಂತು. ಆ ಸುದ್ದಿಯಾದ ಮೇಲೆ ಎದುರು ಮನೆಯವಳು ಚಳಿಜ್ವರ ಅಂತ ಮಲಗಿದಳು, ಏಳಲಿಲ್ಲ. ಅವಳ ತಾಯಿ ಬಂದು ಮನೆಗೆ ಬೀಗ ಹಾಕಿ, ಆಗಷ್ಟೇ ಓಡಾಡೋಕೆ ಕಲಿತಿದ್ದ ಮಗೂನ ತನ್ನೂರಿಗೆ ಎತ್ತಿಕೊಂಡು ಹೋದಳು.

ಹೋದವಳು ಅವರೆಕಾಯಿ ಕಾಲಕ್ಕೆ ವಾಪಸ್ಸು ಬಂದಳು. ನಾನು ಜಗಲಿ ಮೇಲೆ ಅವರೆ ಸುಲೀತಾ ಕೂತಿದ್ದೆ. ಬಗ್ಗಿದ ಸೊಂಟದ ಮೇಲೇ ಮಗೂನ ಹೊತ್ತು ತಂದು ನನ್ನ ಪಕ್ಕ ಇಳಿಸಿ, ನೀರು ಕೇಳಿ ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡಳು.

"ನಿಮ್ಮದು ನಿಮಗೆ ತಂದಿದೀನಿ ತಾಯಿ. ನೀವು ಕೊಂಡದ್ದು."

ಅತ್ತೆ ಒಳಗಿಂದ ದಡಬಡ ಬಂದರು. "ಅದೇನಜ್ಜಿ ಹಂಗಂದ್ರೆ? ಅದು ಶಾಸ್ತ್ರಕ್ಕೆ ಕೊಂಡದ್ದು. ಶಾಸ್ತ್ರಕ್ಕೆ ಕೊಂಡದ್ದನ್ನ ಯಾರಾದ್ರೂ ತಂದು ಮನೆಗೆ ಹಾಕ್ತಾರಾ?"

"ಶಾಸ್ತ್ರ ಸುಳ್ಳಾ ಹಂಗಾದ್ರೆ?" ಅಂದಳು ಮಗುವಿನ ಅಜ್ಜಿ.

ವಾರಕ್ಕೆರಡು ಒಪ್ಪತ್ತು ಬಿಡೋರು ನಮ್ಮತ್ತೆ. ಶಾಸ್ತ್ರ ಸುಳ್ಳು ಅನ್ನೋಕೆ ಅವರಿಗೆ ನಾಲಿಗೆ ಏಳಲಿಲ್ಲ.

"ಮಗನ ಮನೇಲಿ ಅವನವೇ ಸಾಲಾಗಿ ಅವೆ," ಮುದುಕಿ ಮೆತ್ತಗೆ ಹೇಳಿದಳು. "ಸರ್ಕಾರಕ್ಕೆ ಲೆವಿ ಅಳೆದು ಉಳಿದ ರಾಗೀಲಿ ಅವಕ್ಕೇ ಸಾಲ್ದು. ನನ್ನ ಸೊಂಟ ನೆಟ್ಟಗಿದ್ದಿದ್ರೆ ನಾನ್ಯಾಕೆ ನಿಮ್ಮ ಜಗಲಿ ಹತ್ತುತಿದ್ದೆ?"

ಇವರ ಮಾತು ನಡೀತಿರುವಾಗ ಮಗು ನನ್ನ ಮುಂದಿದ್ದ ಮೊರಕ್ಕೆ ಎರಡೂ ಕೈ ಹಾಕಿ, ಬೆಳಗಿನಿಂದ ಸುಲಿದ ಕಾಳನ್ನೆಲ್ಲ ಅಂಗಳಕ್ಕೆ ಚೆಲ್ಲಿತು. ಕೋಳಿಗಳು ಓಡಿ ಬಂದವು. ಮಗು ನನ್ನ ಮುಖ ನೋಡಿತು, ಬೈತಾಳೋ ಏನೋ ಅಂತ. ಆ ಮನೆಗೆ ಬಂದಾಗಿನಿಂದ ನಮ್ಮ ಜಗಲಿ ಮೇಲೆ ಯಾರೂ ಏನನ್ನೂ ಹಾಗೆ ಚೆಲ್ಲಿರಲಿಲ್ಲ. ನನಗೆ ನಗು ತಡೆಯೋಕಾಗಲಿಲ್ಲ. ನಗುತ್ತಲೇ ಎತ್ತಿಕೊಂಡು ಒಳಗೆ ಹೋದೆ.

ಸಂಜೆ ಯಜಮಾನರು ಸಂತೆಯಿಂದ ಬಂದು, ನಡುಮನೇಲಿ ಮಗು ಕೂತಿದ್ದನ್ನ ನೋಡಿ, ಚಪ್ಪಲಿ ಬಿಡೋದನ್ನೇ ಮರೆತು ನಿಂತರು.

"ಎಷ್ಟು ದಿವಸಕ್ಕೆ?"

"ಕೊಂಡದ್ದಕ್ಕೆ ದಿವಸದ ಲೆಕ್ಕ ಎಲ್ಲಿರತ್ತೆ?" ಅಂದೆ.

ಅವರು ಕೈಕಾಲು ತೊಳೆಯೋಕೆ ಹಿತ್ತಿಲಿಗೆ ಹೋದರು. ಜಗಳ ಶುರುವಾದದ್ದು ಆಮೇಲೆ, ಚೂರು ಚೂರಾಗಿ. ಮುದ್ದೆ ತಣ್ಣಗಾಗಿದೆ. ಸಾರಿಗೆ ಉಪ್ಪಿಲ್ಲ. ಕರೆದರೆ ಮೂರನೇ ಸಲಕ್ಕೆ ಓ ಅಂತೀಯ. ಎಲ್ಲ ನಿಜ. ತಣ್ಣಗಿನ ಮುದ್ದೆ ಉಂಡು ಯಾರೂ ಸತ್ತಿಲ್ಲ, ಅದೂ ನಿಜ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಗಾದೆ ಇದೆಯಲ್ಲ, ನಮ್ಮ ಮನೇಲಿ ಕೂಸು ದಿನದಿನಕ್ಕೆ ಗುಂಡುಗುಂಡಗಾಯ್ತು. ಬಡವಾದದ್ದು ಮಾತು. ಮುಂಚೆ ಅವರು ಸಂತೆಯಿಂದ ಬಂದರೆ ಯಾರು ಸಿಕ್ಕಿದರು, ಯಾರು ಏನಂದರು, ಎಲ್ಲ ಬಿಡಿಸಿ ಹೇಳೋರು. ಈಗ ಎತ್ತಿಗೆ ಹೇಳಿಕೊಂಡು, ಎತ್ತಿನ ಕೊರಳು ತಟ್ಟಿ, ಒಳಗೆ ಬಂದು ಉಂಡು ಏಳೋರು.

ಅವರ ಮುನಿಸಿಗೆ ಒಂದು ಬುಡ ಇತ್ತು. ಆ ಹೊತ್ತಿಗಾಗಲೇ ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ಹುಡುಕುತ್ತಿದ್ದರು. ಯಾರೂ ನನ್ನಿಂದ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡಬೇಕಾದ ವಿಷಯ ಅಂತ ಯಾರಿಗೂ ಅನ್ನಿಸಿರಲಿಲ್ಲ. ಹೊಸಕೋಟೆ ಕಡೆಯ ಒಂದು ಮನೆಯವರ ಜೊತೆ ಮಾತು ನಡೆದಿತ್ತು. ಮೊದಲನೆಯವಳಿಗೆ ಮಕ್ಕಳಿಲ್ಲ, ಅವಳೂ ಒಪ್ಪಿದ್ದಾಳೆ, ಅಕ್ಕನ ಹಾಗೆ ಇದ್ದುಕೊಂಡು ಇರ್ತಾಳೆ ಅಂತ ಇವರು ಹೇಳಿ ಕಳಿಸಿದ್ದರು. ಆ ಮಾತಿನ ನಡುವೆ ಬಂದು ಕೂತದ್ದು ಈ ಮಗು. ಅದೂ ಹೆಣ್ಣು. ಗಂಡಾಗಿದ್ದಿದ್ದರೆ ಯಾರಾದರೂ ಒಂದು ಸಲವಾದರೂ ಸುಮ್ಮನಾಗ್ತಿದ್ದರೋ ಏನೋ.

ಸಂಕ್ರಾಂತಿ ಕಳೆದ ಮೇಲೆ ಹೆಣ್ಣಿನ ಕಡೆಯವರು ಮನೆ ನೋಡೋಕೆ ಬಂದರು. ಹೆಣ್ಣಿನ ಅಪ್ಪ, ಜೊತೆಗೆ ಅವಳ ಸೋದರತ್ತೆ. ಅತ್ತೆ ಬೆಳಗ್ಗೆಯೇ ಮಗೂನ ಕೊನೆಮನೆಯವರ ಹತ್ತಿರ ಬಿಟ್ಟು ಬಂದಿದ್ದರು. ನಾನು ಪಾನಕ ಮಾಡಿ ತಂದು ಕೊಟ್ಟೆ. ಹೆಣ್ಣಿನ ಅಪ್ಪ ತೊಲೆ ನೋಡಿದರು, ಕೊಟ್ಟಿಗೆ ನೋಡಿದರು, ರಾಗಿ ತುಂಬಿಡೋ ಹಗೇವು ಎಲ್ಲಿದೆ ಅಂತ ಕೇಳಿದರು. ಎಲ್ಲ ಸರಿಯಾಗಿತ್ತು. ಆಗ ಬಾಗಿಲಿಂದ ಓಡಿ ಬಂತು ನೋಡಿ, ಮೈಗೆಲ್ಲ ಧೂಳು, ಕೈಯಲ್ಲಿ ಒಂದು ಕಬ್ಬಿನ ತುಂಡು. ನೆಟ್ಟಗೆ ಯಜಮಾನರ ಮೊಣಕಾಲು ತಬ್ಬಿಕೊಂಡು, ಅತ್ತೆ ದಿನಾ ಮಗನ್ನ ಕೇಳೋ ಧಾಟೀಲೇ ಕೇಳಿತು:

"ಏನ್ಲಾ, ಉಂಡ್ಯಾ?"

ಸೋದರತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟಳು. "ಯಾರ ಮಗು ಇದು? ಯಜಮಾನಿಕೆ ಜೋರಾಗಿ ಅದೆ!"

"ಎದುರು ಮನೇದು," ಅಂದರು ಅತ್ತೆ.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. "ಎದುರು ಮನೆಗೆ ಬೀಗ ಬಿದ್ದಿದೆಯಲ್ಲ ಅತ್ತೆ, ಬರ್ತಾ ಇವರೂ ನೋಡಿರ್ತಾರೆ," ಅಂದೆ. "ಇದು ಈ ಮನೇದು."

ಹೆಣ್ಣಿನ ಅಪ್ಪ ಪಾನಕದ ಲೋಟ ಕೆಳಗಿಟ್ಟರು. "ಮಕ್ಕಳಿಲ್ಲ ಅಂದಿದ್ರಿ?"

"ಹೆತ್ತಿಲ್ಲಣ್ಣ. ಕೊಂಡಿದೀವಿ. ನಾನೊಬ್ಬಳೇ ಅಲ್ಲ, ಅವರೂ ನಾನೂ ಸೇರಿ."

"ಹಂಗಾದ್ರೆ ಜಮೀನು?"

"ಮನೆ ಮಗಳಿಗೆ ಏನು ಸಲ್ಲುತ್ತೋ ಅದು ಸಲ್ಲುತ್ತೆ."

ಅವರು ಎದ್ದರು. ಊಟಕ್ಕೆ ಏಳಿ ಅಂದರೂ ಕೇಳಲಿಲ್ಲ. ಹೊರಗೆ ಗಾಡಿ ಹತ್ತೋ ಮುಂಚೆ ಸೋದರತ್ತೆ ಕುಂಕುಮಕ್ಕೆ ಅಂತ ಒಳಗೆ ಬಂದು ನನ್ನ ಕೈ ಅದುಮಿದಳು. "ನಮ್ಮ ಹುಡುಗಿ ಇನ್ನೂ ಕುಂಟಾಬಿಲ್ಲೆ ಆಡ್ತಾಳೆ ಕಣಮ್ಮ. ನಮ್ಮಣ್ಣನ ಹತ್ರ ನನ್ನ ಮಾತು ನಡೀತಿರಲಿಲ್ಲ. ನೀನು ನಡೆಸಿದೆ." ಕುಂಕುಮ ಇಟ್ಟುಕೊಂಡು ಹೋದಳು. ಆ ಹೆಂಗಸನ್ನ ನಾನು ಆಮೇಲೆ ನೋಡಲೇ ಇಲ್ಲ.

ಗಾಡಿ ಊರು ದಾಟಿತು. ಯಜಮಾನರು ಕೊಟ್ಟಿಗೆ ಬಾಗಿಲಲ್ಲಿ ನಿಂತು ನನ್ನ ಕರೆದರು.

"ನಾಲ್ಕು ಜನದ ಮುಂದೆ ನನ್ನ ಮಾನ ಕಳೆದೆ."

"ಕೊಂಡಿದೀವಿ ಅಂದೆ. ಸುಳ್ಳು ಹೇಳಿದ್ನಾ?"

"ನನಗೂ ಒಂದು ಆಸೆ ಇರತ್ತೆ ಅಂತ ನಿನಗೆ ಯಾವತ್ತಾದ್ರೂ ಅನ್ನಿಸ್ತಾ? ನನ್ನ ಮುಖ ಹೊತ್ತದ್ದು ಒಂದು, ನಮ್ಮಪ್ಪನ ಮೂಗು ಹೊತ್ತದ್ದು ಒಂದು. ಅದಕ್ಕೆ ನೀನು ಬಾಗಿಲು ಹಾಕಿಬಿಟ್ಟೆ."

ಆ ಆಸೆ ನನಗೂ ಇತ್ತು, ಅವರಿಗಿಂತ ಒಂದು ಕೈ ಹೆಚ್ಚೇ ಇತ್ತು. ಆದರೆ ನನಗೆ ಇನ್ನೊಬ್ಬ ಗಂಡನ್ನ ಹುಡುಕೋಕೆ ಯಾರೂ ಗಾಡಿ ಕಟ್ಟಿಕೊಂಡು ಹೋಗಿರಲಿಲ್ಲ.

"ಹುಟ್ಟೋವು ಹುಟ್ಟಲಿ, ನಾನು ಬೇಡ ಅಂದೆನಾ?" ಅಂದೆ. "ಬಂದಿರೋದು ಎಲ್ಲಿಗೆ ಹೋಗಬೇಕು, ಅದನ್ನ ಹೇಳಿ."

"ಅದು ಇರೋ ತನಕ ನನ್ನ ಈ ಮನೇಲಿ ಹುಡುಕಬೇಡ," ಅಂದರು.

"ನಲ್ಲೂರಿನ ಹುಣಸೆ ತೋಪು ಎಲ್ಲಿದೆ ಅಂತ ನನಗೆ ಗೊತ್ತು," ಅಂದೆ.

ಹೋದರು. ಹುಣಸೆ ಇಳಿಸೋ ಕಾಲ ಹೇಗೂ ಬಂದಿತ್ತು. ಪ್ರತಿ ವರ್ಷ ಅವರು ತೋಪಲ್ಲಿ ಒಂದಷ್ಟು ಮರ ಗುತ್ತಿಗೆ ಹಿಡಿದು, ಅಲ್ಲೇ ಗುಡಿಸಲು ಹಾಕಿಕೊಂಡು ಕಾಯಿ ಉದುರಿಸೋರು. ಆದರೆ ಪ್ರತಿ ವರ್ಷ ಎರಡು ದಿನಕ್ಕೊಮ್ಮೆ ಮನೆಗೆ ಬರೋರು. ಆ ವರ್ಷ ಬರಲಿಲ್ಲ. ಊರ ಬಾಯಿಗೆ ಕೆಲಸ ಸಿಕ್ತು. ಬಂಜೆ ಕೊಬ್ಬು, ಯಾರದೋ ಕೂಸಿಗೆ ಗಂಡನ್ನ ಓಡಿಸಿದಳು ಅಂದರು. ಬಾವಿ ಕಟ್ಟೇಲಿ ಒಬ್ಬಳು ಅದನ್ನ ನನ್ನ ಮುಖಕ್ಕೇ ಅಂದಳು. ನಾನು, "ನಿನ್ನ ಗಂಡ ದಿನಾ ಮನೇಲೇ ಇದ್ದು ನಿನ್ನ ಬೆನ್ನು ಮುರೀತಾನಲ್ಲ, ಅದಕ್ಕಿಂತ ತೋಪಲ್ಲಿರೋನು ವಾಸಿ," ಅಂದು ಕೊಡ ಎತ್ತಿಕೊಂಡೆ. ಅದು ಹೆಚ್ಚಾಯ್ತು ಅಂತ ಇವತ್ತಿಗೂ ಅನ್ನಿಸಿಲ್ಲ.

ಯುಗಾದಿಗೆ ಎರಡು ದಿನ ಮುಂಚೆ ಅವರು ಗಾಡಿ ತುಂಬ ಹುಣಸೆಹಣ್ಣು ಹೇರಿಕೊಂಡು ಬಂದರು. ಹಣ್ಣು ಜಗಲಿ ಮೇಲೆ ರಾಶಿ ಬಿತ್ತು. ಬೀದಿಯ ಹೆಂಗಸರೆಲ್ಲ ಬಂದು ಕುಟ್ಟಿ ಬೀಜ ಬಿಡಿಸೋಕೆ ಕೂತರು. ಯಜಮಾನರು ನನ್ನ ಕಡೆ ತಿರುಗಲಿಲ್ಲ, ಮಗು ಕಡೆ ಅಂತೂ ಇಲ್ಲವೇ ಇಲ್ಲ. ತಕ್ಕಡಿ ಕಟ್ಟುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ತಕ್ಕಡಿ ಬಿಸಾಕಿ ಹಾರಿದರು. ಮಗು ಕೆಮ್ಮೋಕೂ ಆಗದೆ ಕಣ್ಣು ಮೇಲೆ ಮಾಡಿತ್ತು. ಅದನ್ನ ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದರು, ಬಾಯಿಗೆ ಬೆರಳು ಹಾಕಿದರು. ಒಂದು ಹುಣಸೇಬೀಜ ಹೊರಗೆ ಬಿತ್ತು. ಮಗು ಊರಿಗೆಲ್ಲ ಕೇಳೋ ಹಾಗೆ ಅತ್ತಿತು.

ಅದಕ್ಕಿಂತ ಜೋರಾಗಿ ಅವರು ಕೂಗಿದರು, ನನ್ನ ಮೇಲೆ. "ಬೀಜದ ರಾಶೀಲಿ ಮಗು ಬಿಟ್ಟು ಏನು ನೋಡ್ತಿದ್ದೆ ನೀನು? ಕಣ್ಣೇನು ಹಿತ್ತಿಲಲ್ಲಿಟ್ಟಿದ್ಯಾ? ಹೋಗಿಬಿಟ್ಟಿದ್ರೆ? ಹೋಗಿಬಿಟ್ಟಿದ್ರೆ ಏನ್ಮಾಡ್ತಿದ್ದೆ?"

ಅಷ್ಟು ಜನದ ಮುಂದೆ ಅವರು ನನ್ನ ಬೈದದ್ದು ಅದೇ ಮೊದಲು. ಬೈಸಿಕೊಂಡೆ. ಬೈಯುತ್ತಲೇ ಅವರು ಮಗೂನ ಹೆಗಲಿಗೆ ಹಾಕಿಕೊಂಡು ಬೆನ್ನು ಸವರುತ್ತಿದ್ದದ್ದು ನನಗೆ ಕಾಣಿಸಿತ್ತು. ಅತ್ತೆಗೂ ಕಾಣಿಸಿತ್ತು. ಅದಕ್ಕೇ ಇರಬೇಕು, ಅತ್ತೆ ಇನ್ನು ತಡಮಾಡಲಿಲ್ಲ.

ಯುಗಾದಿ ಕಳೆದ ವಾರ, ಬೆಳಗ್ಗೆ ನಾನು ಬಾವಿಯಿಂದ ಬರುವಷ್ಟರಲ್ಲಿ ನಮ್ಮ ಜಗಲಿ ಮೇಲೆ ಊರ ಹಿರಿಯರೊಬ್ಬರು ಕೂತಿದ್ದರು. ನಮ್ಮತ್ತೆಗೆ ದೂರದಿಂದ ಅಣ್ಣನಾಗಬೇಕು. ಕಂಬದ ಪಕ್ಕ ಮಗುವಿನ ಅಜ್ಜಿ ನಿಂತಿದ್ದಳು. ಅತ್ತೆಯೇ ಹೇಳಿ ಕಳಿಸಿ ಕರೆಸಿದ್ದರು, ವರ್ಷಾ ವರ್ಷಾ ರಾಗಿ ಕೊಡ್ತೀವಿ ಅಂತ ಒಪ್ಪಿಸಿದ್ದರು. ಮುದುಕಿ ಕೈಗೆ ಮೊರದ ತುಂಬ ತವುಡು ಕೊಟ್ಟು ನಿಲ್ಲಿಸಿದ್ದರು. ತವುಡೂ ನಮ್ಮದೇ, ಮೊರವೂ ನಮ್ಮದೇ.

"ಬಾ ತಾಯಿ," ಅಂದರು ಹಿರಿಯರು. "ಶಾಸ್ತ್ರದಲ್ಲಿ ಬಂದದ್ದು ಶಾಸ್ತ್ರದಲ್ಲೇ ಹೋಗಲಿ. ಅಜ್ಜಿ ತವುಡು ಕೊಡ್ತಾಳೆ, ನೀನು ಇಸ್ಕೊ. ಮಗು ಬಿಡಿಸಿಕೊಂಡು ಹೋಗ್ತಾಳೆ."

ನಾನು ಕೊಡ ಇಳಿಸಲಿಲ್ಲ. "ಮಾರಿದೋರು ಯಾರು ಮಾವಯ್ಯ?"

"ಅದರ ತಾಯಿ."

"ಸೆರಗೊಡ್ಡಿ ತವುಡು ತಗೊಂಡೋಳು ಯಾರು?"

"ಅವಳೇ ಕಣಮ್ಮ. ಅವಳು ಸತ್ತು—"

"ಬಿಡಿಸಿಕೊಳ್ಳೋದೂ ಅವಳೇ. ನಮ್ಮಜ್ಜಿ ಕಾಲದಿಂದ ನಾನು ಕೇಳಿರೋದು ಅದು. ಮಾರಿದ ತಾಯಿ ಬಂದು ಕೇಳಬೇಕು. ಅವಳು ಬರಲಿ, ಈ ಗಳಿಗೇಲೇ ಕೊಡ್ತೀನಿ. ಅವಳ ಕೈಯಲ್ಲದೆ ಬೇರೆ ಕೈಯ ತವುಡು ಮುಟ್ಟಲ್ಲ."

"ಸತ್ತೋಳು ಹೆಂಗೆ ಬರ್ತಾಳೇ?" ಅತ್ತೆ ಕಿರುಚಿದರು.

"ಬರಲ್ಲ ಅತ್ತೆ. ಅದಕ್ಕೇ ಕೊಡಲ್ಲ."

ಹಿರಿಯರು ಎಲೆಯ ನಾರು ತೆಗೆಯುತ್ತಾ ತಲೆ ಬಗ್ಗಿಸಿ ಕೂತರು. ಕೊನೆಗೆ ತಲೆ ಎತ್ತಿ ಕೊಟ್ಟಿಗೆ ಕಡೆ ನೋಡಿದರು. ಯಜಮಾನರು ಅಲ್ಲಿ ಹಗ್ಗ ಹೊಸೀತಾ ನಿಂತಿದ್ದರು.

"ಏನಪ್ಪಾ, ಮೊರ ಹಿಡಿದೋರು ಇಬ್ಬರು. ಇವಳ ಮಾತಾಯ್ತು. ನೀನು ಇಸ್ಕೊಂಡ್ರೂ ನಡೀತದೆ. ಏನಂತೀಯ?"

ನಾನು ಬಾಯಿ ಮಾಡಿ ಗೆದ್ದದ್ದೆಲ್ಲ ಅವರು ಒಂದು ಕೈ ಚಾಚಿದರೆ ಮುಗೀತಿತ್ತು. ಒಂದು ಮಾತು ಗಟ್ಟಿ ಮಾಡಿಕೊಂಡೆ. ಅವರು ಇಸ್ಕೊಂಡರೆ ನಾನೂ ಮುದುಕಿಯ ಹಿಂದೆಯೇ ಆ ಮಗೂನ ಎತ್ತಿಕೊಂಡು ನಡೆಯೋದು, ಕೊಡ ಅಲ್ಲೇ ಇಳಿಸಿ.

ಅವರು ಹಗ್ಗ ಕೆಳಗೆ ಹಾಕಿ ಬಂದರು. ಮುದುಕಿಯ ಕೈಯಿಂದ ಮೊರ ತಗೊಂಡರು. ಅತ್ತೆ ಉಸ್ಸಪ್ಪಾ ಅಂದರು. ಯಜಮಾನರು ಮೊರ ಹಿಡಿದುಕೊಂಡು ನೆಟ್ಟಗೆ ಕೊಟ್ಟಿಗೆಗೆ ವಾಪಸ್ಸು ಹೋಗಿ, ತವುಡನ್ನೆಲ್ಲ ಹಸುವಿನ ಬಾನಿಗೆ ಸುರಿದು, ಮೇಲೆ ಒಂದು ತಂಬಿಗೆ ನೀರು ಹುಯ್ದು ಕೈಯಾಡಿಸಿದರು.

"ಬೆಳಗಿಂದ ಹಸು ಒಂದೇ ಸಮ ಅರಚ್ತಾ ಇದೆ," ಅಂದರು. "ಇಲ್ಲಿ ಯಾರಿಗಾದ್ರೂ ಕಿವಿ ಇದ್ರೆ ತಾನೆ?"

ಮುದುಕಿ ಕಂಬ ಹಿಡಿದು ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಅವಳಿಗೆ ಉಣ್ಣಲಿಕ್ಕಿ, ಒಪ್ಪಿದ್ದ ರಾಗಿಯನ್ನೂ ಕಟ್ಟಿ ಕಳಿಸಿದೆ. ಅತ್ತೆ ಬೇಡ ಅನ್ನಲಿಲ್ಲ. ಆಮೇಲೆ ಹೆಣ್ಣಿನ ಮಾತನ್ನೂ ಎತ್ತಲಿಲ್ಲ.

ಅಲ್ಲಿಂದ ನಾವಿಬ್ಬರೂ ಹಾಲು ಸಕ್ಕರೆಯ ಹಾಗೆ ಇದ್ದೆವು ಅಂದರೆ ಅದು ಕತೆಯಾದೀತು. ಅವತ್ತೂ ಅವರು ನನ್ನ ಹತ್ತಿರ ಮಾತಾಡಲಿಲ್ಲ, ಮಾರನೇ ದಿನವೂ ಇಲ್ಲ. ನಾನೂ ಕರೆದು ಮಾತಾಡಿಸಲಿಲ್ಲ. ಬೇಸಿಗೆ ಉಳುಮೆ ಮುಗಿದು ಮಳೆಗಾಲ ಬಂತು. ಒಂದು ದಿನ ಮುದ್ದೆ ತಣ್ಣಗಾಗಿದೆ ಅಂದರು. ಬಿಸಿ ಇನ್ನೊಂದಿದೆ ಅಂದೆ. ಮಾತು ಹಾಗೆ ಮತ್ತೆ ಶುರುವಾದದ್ದು. ಅವರ ಮುಖ ಹೊತ್ತ ಮಗು ಯಾವತ್ತೂ ಬರಲಿಲ್ಲ. ಆ ನೋವು ಅವರಿಗೆ ಇತ್ತು, ಕೊನೆ ತನಕ ಇತ್ತು. ಅದನ್ನ ನಾನು ಹುಟ್ಟಿಸಿದ್ದಲ್ಲ, ನಾನು ಹೊರೋದೂ ಇಲ್ಲ.

ಮುಂದಿನ ಅವರೆಕಾಯಿ ಕಾಲಕ್ಕೆ ಮಗುವಿಗೆ ಕಿವಿ ಚುಚ್ಚಿಸೋಣ ಅಂದೆ. ಅದಕ್ಕೆ ಸೋದರಮಾವನ ತೊಡೆ ಬೇಕು. ನನ್ನ ಅಣ್ಣನಿಗೂ ಯಜಮಾನರಿಗೂ ಎರಡನೇ ಮದುವೆ ಮಾತು ಶುರುವಾದಾಗಲೇ ಮಾತು ನಿಂತಿತ್ತು. ನಾನು ಯಾರ ಕೈಲಾದರೂ ಹೇಳಿ ಕಳಿಸಿದರಾಯ್ತು ಅಂದುಕೊಂಡಿದ್ದೆ. ಅವರು ಬೆಳಗ್ಗೆ ಎದ್ದು, ಒಗೆದ ಪಂಚೆ ಉಟ್ಟು, ಎಲ್ಲಿಗೆ ಅಂತ ಹೇಳದೆ ಹೋದರು. ದೊಡ್ಡಬಳ್ಳಾಪುರದ ಹತ್ತಿರದ ನನ್ನ ತವರಿಗೆ ನಡೆದೇ ಹೋಗಿ, ನಮ್ಮಣ್ಣನ ಮನೆ ಬಾಗಿಲಲ್ಲಿ ನಿಂತು, "ನಿಮ್ಮ ಸೊಸೆಗೆ ಕಿವಿ ಚುಚ್ಚಿಸ್ತೀವಿ, ತೊಡೆ ಕೊಡೋಕೆ ಬರಬೇಕು," ಅಂತ ಕರೆದು ಬಂದರು. ಅಣ್ಣ ಬಂದ. ಆಚಾರಿ ಚುಚ್ಚಿದ. ಮಗು ಅಣ್ಣನ ಕೈ ಕಚ್ಚಿತು. ಆಮೇಲೆ ಎಲ್ಲರೂ ಊಟಕ್ಕೆ ಕೂತರು.